ದಾರಿಬದಿಯ ಮರ ಯಾರ ಸ್ವತ್ತು?



ಹೊಲದ ಬದುವಿಗೂ ಡಾಂಬರು ರಸ್ತೆಗೂ ನಡುವೆ ನಿಂತ ಹುಣಸೆಯ ಮರ ಯಾರದು? ಈ ಪ್ರಶ್ನೆಯನ್ನು ನಿಮ್ಮ ಊರ ಕಟ್ಟೆಯ ಮೇಲೆ ಕೇಳಿ ನೋಡಿರಿ. ಸರಕಾರದ್ದು ಎಂದು ಒಬ್ಬರು, ಹೊಲದವನದು ಎಂದು ಇನ್ನೊಬ್ಬರು ಹೇಳುವರು. ಮೊದಲು ಕೊಡಲಿ ಹಾಕಿದವನದು ಎಂದು ಮೂರನೆಯವರು ನಕ್ಕು ಹೇಳಿಯಾರು. ಬಹಳ ಕಡೆ ಈ ಮೂರನೆಯ ಮಾತೇ ನಡೆದುಬಂದಿದೆ. ಬೆಲ್ಲದ ಬಾಗೇವಾಡಿಯಿಂದ ಹುಕ್ಕೇರಿಗೆ, ಘಟಪ್ರಭಾಕ್ಕೆ, ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದ ಕಡೆಗೆ ಹೋಗುವ ದಾರಿಗಳಲ್ಲಿ ಬಿಸಿಲಿಗೆ ನಿಲ್ಲಲು ನೆರಳು ಎಷ್ಟು ಉಳಿದಿದೆ ಎಂಬುದನ್ನು ದಿನವೂ ಓಡಾಡುವ ನೀವೇ ಬಲ್ಲಿರಿ.

ಈ ಪ್ರಶ್ನೆಗೆ ಕಾಯದೆಯಲ್ಲಿ ಉತ್ತರವಿದೆ, ಅದು ರೈತನಿಗೆ ಅನುಕೂಲವಾಗಿಯೂ ಇದೆ. ಗೊತ್ತಿರುವವರು ಮಾತ್ರ ಕಡಿಮೆ.

1964ರ ಕರ್ನಾಟಕ ಭೂಕಂದಾಯ ಕಾಯದೆಯ 77ನೆಯ ಕಲಮು ರಸ್ತೆಬದಿಯ ಮರಗಳಿಗೆ ಸಂಬಂಧಿಸಿದ್ದು. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ ಜಾರಿಯಲ್ಲಿದ್ದ 1879ರ ಭೂಕಂದಾಯ ಸಂಹಿತೆಯಲ್ಲಿಯೂ ಇಂಥದೇ ಏರ್ಪಾಡು ಇತ್ತು. ಸರಕಾರ ಇಲ್ಲವೆ ಸ್ಥಳೀಯ ಸಂಸ್ಥೆ ತನ್ನ ಖರ್ಚಿನಿಂದ ರಸ್ತೆಯ ಬದಿಗೆ ನೆಟ್ಟು ಬೆಳೆಸಿದ ಮರ ಸರಕಾರದ್ದು. ಆದರೆ ಆ ಮರ ನಿಂತ ನೆಲ ನಿಮ್ಮ ಹಿಡುವಳಿಯಲ್ಲಿದ್ದರೆ ಅದರ ಫಲ ನಿಮ್ಮದು. ಸವರಿದ ಕೊಂಬೆ-ರೆಂಬೆಯೂ ನಿಮ್ಮದೇ. ಮರ ತಾನಾಗಿ ಸತ್ತರೆ, ಗಾಳಿಗೆ ಬಿದ್ದರೆ, ಇಲ್ಲವೆ ಜಿಲ್ಲಾಧಿಕಾರಿಗಳ ಆಜ್ಞೆಯಿಂದ ಕಡಿದರೆ ಅದರ ಕಟ್ಟಿಗೆಯೂ ನಿಮಗೇ ಸೇರತಕ್ಕದ್ದು. ಕರಾರು ಒಂದೇ: ಜಿಲ್ಲಾಧಿಕಾರಿಗಳ ಆಜ್ಞೆಯಿಲ್ಲದೆ ಕೊಂಬೆಯನ್ನೂ ಸವರಬಾರದು.

ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಮರದ ಬುಡ ಯಾರ ನೆಲದಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರಸ್ತೆಗಾಗಿ ಸರಕಾರ ವಶಪಡಿಸಿಕೊಂಡ ಪಟ್ಟಿಯೊಳಗೆ ಬುಡವಿದ್ದರೆ ಹೊಲದವನಿಗೆ ಹಕ್ಕಿಲ್ಲ. ಅಂಥ ಕಡೆಗಳಲ್ಲಿ ಹುಣಸೆಯ ಫಲವನ್ನು ಹರಾಜು ಹಾಕುವ ರೂಢಿಯೂ ಉಂಟು. ಕಣ್ಣಳತೆಯ ಮೇಲೆ ಜಗಳಾಡುವುದಕ್ಕಿಂತ ಮೋಜಣಿಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿಕೊಳ್ಳುವುದು ಮೇಲು. ಅದಕ್ಕೆ ಕಟ್ಟುವ ಫೀಯನ್ನು ಒಂದು ಒಳ್ಳೆಯ ಹುಣಸೆಯ ಮರ ಬೇಗ ತೀರಿಸೀತು.

ಬೆಂಕಿಯ ಕೊಡಲಿ

ಕೊಡಲಿಯ ಸಪ್ಪಳ ನಾಲ್ಕು ಜನಕ್ಕೆ ಕೇಳುತ್ತದೆ. ಬೆಂಕಿಗೆ ಸಪ್ಪಳವಿಲ್ಲ. ಕಬ್ಬು ಕಡಿದು ಮುಗಿದ ಮೇಲೆ ರವದಿಗೆ ಕಡ್ಡಿ ಗೀರುವುದು ನಮ್ಮ ಭಾಗದಲ್ಲಿ ವಾಡಿಕೆ. ಬದುವಿನ ಅಂಚಿಗೆ ಸರಿಸಿದ ರವದಿ ಉರಿಯುವಾಗ ರಸ್ತೆಯ ಮರದ ಬುಡ ಬೇಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರಿನಿಂದ. ಸುತ್ತಲೂ ಆ ಪದರು ಸುಟ್ಟಿತೆಂದರೆ ಬೇರು ಉಪವಾಸ ಬೀಳುತ್ತದೆ. ಮರ ಆ ವರ್ಷವೇ ಸಾಯಬೇಕೆಂದಿಲ್ಲ. ಒಂದೆರಡು ಮಳೆಗಾಲ ಚಿಗುರಿ, ಬಳಿಕ ನಿಂತಲ್ಲೇ ಒಣಗುವುದುಂಟು. ಅಷ್ಟರಲ್ಲಿ ಬೆಂಕಿಯ ಮಾತು ಎಲ್ಲರಿಗೂ ಮರೆತುಹೋಗಿರುತ್ತದೆ.

ಇದೆಲ್ಲವೂ ಅರಿಯದೆ ಆಗುವ ಕೆಲಸವೆಂದು ನಾವು ನಂಬಲಾರೆವು. ಸತ್ತ ಮರದ ಕಟ್ಟಿಗೆ ಹಿಡುವಳಿದಾರನಿಗೆ ಎಂದು ಕಾಯದೆ ಹೇಳಿದ್ದು ಒಳ್ಳೆಯ ಉದ್ದೇಶದಿಂದ. ಅದನ್ನೇ ನೆಪ ಮಾಡಿ ಮರವನ್ನು ‘ಸಾಯಿಸುವ’ವರೂ ಇದ್ದಾರೆ. ಬುಡದ ಸುತ್ತ ತೊಗಟೆ ಕೆತ್ತುವುದು, ಬೊಡ್ಡೆಯ ಪೊಟರೆಯಲ್ಲಿ ಬೆಂಕಿ ಇಡುವುದು ಇವೆಲ್ಲ ಹಳೆಯ ಉಪಾಯಗಳು. ಕರಿ ಹಿಡಿದ ಬುಡವನ್ನು ನೋಡಿದೊಡನೆ ಅನುಭವಿ ಗಾರ್ಡನಿಗೆ ಕಥೆ ಗೊತ್ತಾಗುತ್ತದೆ. ಹಾಗೆ ಸತ್ತ ಮರದ ಮೇಲೆ ನಿಮ್ಮ ಹಕ್ಕು ಉಳಿಯುವುದಿರಲಿ, ಅದರ ಬೆಲೆಯನ್ನು ನಿಮ್ಮಿಂದಲೇ ವಸೂಲು ಮಾಡುವ ಅಧಿಕಾರವೂ ಸರಕಾರಕ್ಕಿದೆ.

ರವದಿಯನ್ನು ಸುಡದೆ ಸಾಲು ಬಿಟ್ಟು ಸಾಲಿಗೆ ಹಾಸಿದರೆ ಕುಳೆ ಕಬ್ಬಿಗೆ ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ. ಅಷ್ಟು ಮಾಡಲು ಆಳು ಸಿಗದವರು ರಸ್ತೆಯ ಕಡೆಯ ಅಂಚಿನಿಂದಲಾದರೂ ರವದಿಯನ್ನು ಹೊಲದೊಳಕ್ಕೆ ಎಳೆದುಕೊಂಡು, ಮರದ ಬುಡದ ಸುತ್ತ ನೆಲವನ್ನು ಬೋಳು ಮಾಡಿಡಬೇಕು.

ನೆರಳಿನ ತಕರಾರು

ಮರದ ನೆರಳಿಗೆ ಬೆಳೆ ಏಳುವುದಿಲ್ಲ ಎಂಬ ದೂರು ಸುಳ್ಳಲ್ಲ. ಆದರೆ ದಿಕ್ಕು ನೋಡಿ ಮಾತಾಡಬೇಕು. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹೊಲದ ದಕ್ಷಿಣ ಅಂಚಿನ ಮರದ ನೆರಳು ಬೆಳೆಯ ಮೇಲೆ ಬೀಳುತ್ತದೆ. ಉತ್ತರದ ಅಂಚಿನಲ್ಲಿದ್ದರೆ ಹೆಚ್ಚಿನ ನೆರಳು ರಸ್ತೆಯ ಮೇಲೆಯೇ ಬೀಳುವುದು. ನಿಜವಾದ ಹಾನಿ ಬಹಳ ಸಲ ನೆರಳಿನಿಂದಲ್ಲ, ನೀರು-ಗೊಬ್ಬರ ಹೀರುವ ಬೇರಿನಿಂದ. ಬೊಡ್ಡೆಯಿಂದ ಸಾಕಷ್ಟು ದೂರದಲ್ಲಿ, ಬೆಳೆಯ ಅಂಚಿಗೆ, ಎರಡು-ಮೂರು ಅಡಿ ಆಳದ ತೆಗ್ಗು ತೋಡಿದರೆ ಹೊಲಕ್ಕೆ ನುಗ್ಗುವ ಬೇರು ಕಡಿಯುತ್ತದೆ. ಬುಡಕ್ಕೆ ಹತ್ತಿ ತೋಡಬೇಡಿರಿ. ಮುಖ್ಯ ಬೇರು ಕಡಿದ ಮರ ಮುಂಗಾರಿನ ಗಾಳಿಗೆ ರಸ್ತೆಯ ಮೇಲೆಯೇ ಉರುಳೀತು. ನೆರಳು ಬೀಳುವ ಪಟ್ಟಿಯಲ್ಲಿ ಕಬ್ಬಿನ ಬದಲು ಅರಿಶಿಣ ಇಲ್ಲವೆ ದನಗಳಿಗೆ ಗಿನಿ ಹುಲ್ಲು ಹಾಕಬಹುದು. ಎರಡೂ ಅರೆನೆರಳನ್ನು ತಾಳಿಕೊಳ್ಳುತ್ತವೆ.

ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರಿಗೆ ಕೊಂಬೆ ತಾಗುತ್ತದೆ ಎಂದು ಇಡೀ ಮರ ಕೆಡವಬೇಕಾಗಿಲ್ಲ. ಹಂಗಾಮು ಶುರುವಾಗುವ ಮೊದಲೇ ಅರ್ಜಿ ಕೊಟ್ಟು ತಾಗುವ ಕೊಂಬೆಯನ್ನಷ್ಟೇ ತೆಗೆಸಬಹುದು.

ರಸ್ತೆ ಅಗಲವಾಗುವಾಗ

ರೈತ ಕಡಿಯುವುದು ಒಂದೆರಡು ಮರ. ರಸ್ತೆಯ ಕೆಲಸ ಬಂದರೆ ಸಾಲು ಸಾಲೇ ಹೋಗುತ್ತದೆ. ಈ ಶತಮಾನದ ಆರಂಭದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಚತುಷ್ಪಥವಾದದ್ದನ್ನು ಸಂಕೇಶ್ವರ, ಹತ್ತರಗಿ ಕಡೆಯವರು ಕಂಡಿದ್ದಾರೆ. ಇಲ್ಲಿ ನೀವು ತಿಳಿಯಬೇಕಾದ ಅಂಕಿ 50. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯದೆಗೆ ಆಮೇಲೆ ಸೇರಿಸಿದ ನಿಯಮದಂತೆ, ರಸ್ತೆಯಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿಗಳು ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕರೆಯಬೇಕು. ಇಂಥ ಪ್ರಕಟಣೆಗಳು ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ. ವಾಚನಾಲಯದಲ್ಲಿ ಕುಳಿತವರು ಕ್ರಿಕೆಟ್ಟಿನ ಪುಟದ ಜೊತೆಗೆ ಅದನ್ನೂ ಒಮ್ಮೆ ತಿರುವಿ ಹಾಕಿದರೆ ಒಳ್ಳೆಯದು. ಗಡುವು ಮುಗಿದ ಮೇಲೆ ಕೂಗಿದರೆ ಕೇಳುವವರಿಲ್ಲ.

ಕೂಗು ಹೊತ್ತಿಗೆ ಸರಿಯಾಗಿ ಎದ್ದರೆ ಕೇಳುತ್ತಾರೆ ಎಂಬುದಕ್ಕೂ ಉದಾಹರಣೆ ಉಂಟು. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಸಾಲಿಗೂ ಕುತ್ತು ಬಂದಿತ್ತು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸ ಆ ಮರಗಳ ಹತ್ತಿರ ಬಂದಾಗ, ಅದೇ ವರ್ಷ ಪದ್ಮಶ್ರೀ ಪಡೆದಿದ್ದ ತಿಮ್ಮಕ್ಕ ಮುಖ್ಯಮಂತ್ರಿಗಳಿಗೇ ಮೊರೆಯಿಟ್ಟರು. ಮರಗಳನ್ನು ಕಡಿಯುವುದಿಲ್ಲವೆಂಬ ಭರವಸೆ ದೊರೆಯಿತು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡರು. ಎಲ್ಲ ಸಾಲಿಗೂ ಒಬ್ಬ ತಿಮ್ಮಕ್ಕ ಸಿಗುವುದಿಲ್ಲವಾದ್ದರಿಂದಲೇ 50 ಮರದ ನಿಯಮಕ್ಕೆ ಬೆಲೆ.

ಹೊರದೇಶಗಳಲ್ಲಿ ಇನ್ನೂ ಬಿಗಿ ಇದೆ. ಅಮೆರಿಕದ ಓರೆಗನ್ ರಾಜ್ಯದಲ್ಲಿ ನೋಟಕ್ಕೆ ಚೆಂದವೆಂದು ಗುರುತಿಸಿದ ಹೆದ್ದಾರಿಗಳ ಅಂಚಿನಿಂದ 150 ಅಡಿಯೊಳಗೆ, ಕಾಡು ಖಾಸಗಿಯವರದೇ ಆಗಿದ್ದರೂ, ಪೂರ್ತಿ ಬೋಳಿಸುವಂತಿಲ್ಲ. ಇಂತಿಷ್ಟು ಮರಗಳನ್ನು ಉಳಿಸಲೇಬೇಕು. ಅಲ್ಲಿನವರಿಗೆ ಅದು ನೋಟದ ಪ್ರಶ್ನೆ. ಏಪ್ರಿಲ್ ತಿಂಗಳಲ್ಲಿ ಬಸ್ಸಿಗೆ ಕಾಯುವ ನಮಗೆ ತಲೆ ಸುಡುವ ಪ್ರಶ್ನೆ.

ಅರ್ಜಿ ಹೇಗೆ?

ನಿಮ್ಮ ಸ್ವಂತ ಹೊಲದ ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ತೆಂಗು, ಗ್ಲಿರಿಸಿಡಿಯಾ ಮರಗಳನ್ನು ಕಡಿಯಲು ವೃಕ್ಷ ಕಾಯದೆಯ ಅಪ್ಪಣೆ ಬೇಕಿಲ್ಲ. ಬೇರೆ ಜಾತಿಯ ಮರವಾದರೆ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ. ಮರ ಸತ್ತಿದೆ, ರೋಗ ಹತ್ತಿದೆ, ಮನೆಗೋ ದಾರಿಗೋ ಅಪಾಯವಿದೆ, ಬಲಿತಿದೆ, ಇಲ್ಲವೆ ಒಕ್ಕಲುತನದ ಸಾಮಾನಿಗೆ ಬೇಕು ಎಂಬ ಕಾರಣಗಳನ್ನು ಕಾಯದೆ ಒಪ್ಪುತ್ತದೆ. ಅರ್ಜಿಯೊಡನೆ ಹೊಲದ ಉತಾರ, ನಕಾಶೆ ಲಗತ್ತಿಸಿ, ಮರದ ಜಾತಿ ಮತ್ತು ಎದೆಮಟ್ಟದ ಸುತ್ತಳತೆ ಬರೆಯಿರಿ. ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ತಪ್ಪದೆ ಪಡೆಯಿರಿ. ಕಟ್ಟಿಗೆ ವ್ಯಾಪಾರಿ ‘ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ’ ಎಂದು ಮುಂಗಡ ಕೊಟ್ಟರೆ, ಅಪ್ಪಣೆ ಮತ್ತು ಸಾಗಣೆಯ ರಹದಾರಿ ಎರಡನ್ನೂ ಕಣ್ಣಾರೆ ನೋಡುವ ತನಕ ಗರಗಸ ಹಚ್ಚಲು ಬಿಡಬೇಡಿರಿ. ಲಾರಿ ಹೋದ ಮೇಲೆ ಉಳಿಯುವುದು ನಿಮ್ಮ ಸರ್ವೆ ನಂಬರಿನ ಬೊಡ್ಡೆ. ಚೌಕಾಶಿಗೆ ಬರುವವರು ಕೇಳುವುದು ನಿಮ್ಮನ್ನೇ.