ನಗರದ ಟೆಲಿವಿಷನ್ ಅಲೆಗಳೂ ಅವುಗಳ ಪ್ರತಿಧ್ವನಿಯ ಅಳತೆಯೂ

1972ರಲ್ಲಿ ಮುಂಬಯಿಯಲ್ಲಿ ಟೆಲಿವಿಷನ್ ಪ್ರಸಾರವು ಆರಂಭವಾದ ತರುವಾಯ, ಮನೆಯ ಮೇಲೆ ಆಂಟೆನಾ ನಿಲ್ಲಿಸಿದ್ದ ಅನೇಕರಿಗೆ ಒಂದು ನೋಟವು ಚಿರಪರಿಚಿತವಾಯಿತು: ವಾರ್ತೆ ಓದುವವರ ಬಲಮಗ್ಗುಲಲ್ಲಿ ಅವರದೇ ಮಸುಕಾದ ಇನ್ನೊಂದು ಆಕೃತಿ. ಇದಕ್ಕೆ ‘ಘೋಸ್ಟ್’ ಎಂಬ ಹೆಸರಿತ್ತು. ಭೂತಪ್ರೇತಗಳಿಗೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಗೋಪುರದಿಂದ ಹೊರಟ ಅಲೆಯು ನೇರವಾಗಿ ಮನೆಗೆ ಬರುವುದಲ್ಲದೆ, ಎತ್ತರದ ಕಟ್ಟಡಗಳಿಗೆ ತಾಗಿ ಸುತ್ತುದಾರಿಯಿಂದಲೂ ಬಂದು ಸೇರುತ್ತದೆ. ಈ ಬಹುಪಥ ಪ್ರಸರಣದಲ್ಲಿ ತಡವಾಗಿ ಬಂದ ಅಲೆಯು ತೆರೆಯ ಮೇಲೂ ತಡವಾಗಿಯೇ ಮೂಡುತ್ತದೆ. ಚಿತ್ರದ ಗೆರೆಯು ಎಡದಿಂದ ಬಲಕ್ಕೆ ಸಾಗುವುದರಿಂದ ಛಾಯೆಯು ಬಲಕ್ಕೆ ಬೀಳುತ್ತಿತ್ತು.

ಆ ಪದ್ಧತಿಯಲ್ಲಿ ತೆರೆಯೇ ಅಳತೆಗೋಲಾಗಿತ್ತೆಂಬುದು ಸ್ವಾರಸ್ಯದ ಸಂಗತಿ. ಒಂದು ಗೆರೆಯ ಕಾಣುವ ಭಾಗವನ್ನು ಎಳೆಯಲು 52 ಮೈಕ್ರೋಸೆಕೆಂಡು ಬೇಕಾಗುತ್ತಿತ್ತು. ತೆರೆಯ ಅಗಲವು 52 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಛಾಯೆಯು ಒಂದು ಸೆಂಟಿಮೀಟರ್ ಸರಿದಿದ್ದಲ್ಲಿ ವಿಳಂಬವು ಸುಮಾರು 1 ಮೈಕ್ರೋಸೆಕೆಂಡು. ಅಷ್ಟರಲ್ಲಿ ರೇಡಿಯೋ ಅಲೆಯು 300 ಮೀಟರ್ ಸಾಗುತ್ತದೆ. ಕಟ್ಟಡವು ಮನೆಯ ನೇರ ಹಿಂದಿದ್ದರೆ, ಹೋಗಿಬರುವ ದಾರಿಯನ್ನು ಲೆಕ್ಕಿಸಿ, ಅದು 150 ಮೀಟರ್ ದೂರದಲ್ಲಿದೆಯೆಂದು ಅಡಿಪಟ್ಟಿಯ ನೆರವಿನಿಂದಲೇ ಹೇಳಬಹುದಾಗಿತ್ತು.

ಡಿಜಿಟಲ್ ಪ್ರಸಾರವು ಈ ಸಾಕ್ಷ್ಯವನ್ನು ಅಳಿಸಿಹಾಕಿತು. ಪ್ರತಿಧ್ವನಿಯನ್ನು ಯಂತ್ರವು ತಿದ್ದಬಲ್ಲಷ್ಟು ಕಾಲ ಚಿತ್ರವು ನಿರ್ಮಲವಾಗಿರುತ್ತದೆ. ಮಿತಿ ಮೀರಿದೊಡನೆ ಚೂರುಚೂರಾಗಿ ನಿಂತೇ ಹೋಗುತ್ತದೆ. ನೋಡುವವನಿಗೆ ಕಾರಣ ತಿಳಿಯದು. ಅಲೆಯ ಬಲವನ್ನು ತೋರಿಸುವ ಸಾಮಾನ್ಯ ಮೀಟರೂ ಇಲ್ಲಿ ಸಾಲದು; ಅದು ನೇರ ಅಲೆಯನ್ನೂ ಪ್ರತಿಧ್ವನಿಗಳನ್ನೂ ಬೇರ್ಪಡಿಸದೆ ಒಟ್ಟಾಗಿಯೇ ಎಣಿಸುತ್ತದೆ.

ಹಾಗಾದರೆ ಅಳೆಯುವುದೆಂತು? ಪ್ರಸಾರದ ನಡುನಡುವೆ ಗ್ರಾಹಕ ಯಂತ್ರಕ್ಕೆ ಮೊದಲೇ ಗೊತ್ತಿರುವ ಸಂಕೇತಗಳನ್ನು ಸೇರಿಸಿರುತ್ತಾರೆ. ಅಮೆರಿಕೆಯ 8-ವಿ.ಎಸ್.ಬಿ. ಪದ್ಧತಿಯಲ್ಲಿ ಸುಮಾರು 24 ಮಿಲಿಸೆಕೆಂಡಿಗೊಮ್ಮೆ 511 ಸಂಕೇತಗಳ ನಿಶ್ಚಿತ ಸರಣಿಯೊಂದು ಬರುತ್ತದೆ, ಯೂರೋಪಿನ ಡಿ.ವಿ.ಬಿ.-ಟಿ. ಪದ್ಧತಿಯಲ್ಲಿ ಸಾವಿರಾರು ವಾಹಕ ಅಲೆಗಳ ನಡುವೆ ಗುರುತಿನ ವಾಹಕಗಳು ಚದುರಿಕೊಂಡಿರುತ್ತವೆ. ಬರಬೇಕಾದುದನ್ನೂ ಬಂದುದನ್ನೂ ಹೋಲಿಸಿ ಉಪಕರಣವು ಒಂದು ರೇಖಾಚಿತ್ರವನ್ನು ಬರೆಯುತ್ತದೆ: ಅಡ್ಡಲಾಗಿ ವಿಳಂಬ, ಲಂಬವಾಗಿ ಬಲ. ಅದರ ಒಂದೊಂದು ಶಿಖರವೂ ಅಲೆಯು ಬಂದ ಒಂದೊಂದು ದಾರಿ. ನೇರದಾರಿಗೆ ಅಡ್ಡಿಯಿದ್ದಲ್ಲಿ ಮೊದಲ ಶಿಖರಕ್ಕಿಂತ ಪ್ರತಿಧ್ವನಿಯೇ ಎತ್ತರವಾಗಿರುವುದೂ ಉಂಟು. ಯಂತ್ರಕ್ಕೆ ನಿಜವಾದ ಸಂಕಟ ಅಲ್ಲಿಯೇ.

ಈ ಅಳತೆಯನ್ನು ಎಲ್ಲಿ ನಿಂತು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. 600 ಮೆಗಾಹರ್ಟ್ಸಿನ ಅಲೆಯ ಉದ್ದ ಅರ್ಧ ಮೀಟರ್. ಎದುರುಬದುರಾಗಿ ಬಂದ ಎರಡು ಅಲೆಗಳಿರುವ ಕೋಣೆಯಲ್ಲಿ ಆಂಟೆನಾವನ್ನು ಹನ್ನೆರಡು ಸೆಂಟಿಮೀಟರ್ ಸರಿಸಿದರೆ ಉಬ್ಬಿನಿಂದ ತಗ್ಗಿಗೆ ಬಂದಂತಾಗುತ್ತದೆ. ಜನರು ಓಡಾಡಿದರೂ ಚಿತ್ರಣ ಬದಲಾಗುತ್ತದೆ. ಅಮೆರಿಕೆಯ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನು ಪ್ರಸಾರದ ವ್ಯಾಪ್ತಿಯನ್ನು ಲೆಕ್ಕ ಹಾಕುವಾಗ 30 ಅಡಿ ಎತ್ತರದ ಹೊರ ಆಂಟೆನಾವನ್ನು ಆಧಾರವಾಗಿಟ್ಟುಕೊಂಡಿತ್ತು. ಬಾಡಿಗೆಯ ಕೋಣೆಯಲ್ಲಿ ಟೆಲಿವಿಷನ್ ಪೆಟ್ಟಿಗೆಯ ಮೇಲೆಯೇ ಆಂಟೆನಾ ಇಟ್ಟುಕೊಳ್ಳುವವನು ಆ ಲೆಕ್ಕದ ಹೊರಗೇ ಉಳಿದನು.

1999ರಲ್ಲಿ ಸಿಂಕ್ಲೇರ್ ಎಂಬ ಪ್ರಸಾರ ಸಂಸ್ಥೆಯು ಬಾಲ್ಟಿಮೋರ್ ನಗರದಲ್ಲಿ ಮನೆಯೊಳಗಿನ ಸಣ್ಣ ಆಂಟೆನಾಗಳಿಂದ ಎರಡೂ ಪದ್ಧತಿಗಳನ್ನು ಪರೀಕ್ಷಿಸಿತು. ಅಲೆಯ ಬಲ ಸಾಕಷ್ಟಿದ್ದ ಸ್ಥಳಗಳಲ್ಲಿಯೂ ಅಂದಿನ 8-ವಿ.ಎಸ್.ಬಿ. ಯಂತ್ರಗಳು ಸೋತವೆಂದೂ, ಬಹುವಾಹಕ ಪದ್ಧತಿಯು ಗೆದ್ದಿತೆಂದೂ ಅದು ಸಾರಿತು. ಕಾರಣ ಊಹಿಸಲು ಕಷ್ಟವಿಲ್ಲ. 8-ವಿ.ಎಸ್.ಬಿ.ಯ ಒಂದು ಸಂಕೇತದ ಅವಧಿ 93 ನ್ಯಾನೋಸೆಕೆಂಡು ಮಾತ್ರ. 300 ಮೀಟರ್ ಹೆಚ್ಚು ಸುತ್ತಿ ಬಂದ ಪ್ರತಿಧ್ವನಿಯು ಹನ್ನೊಂದು ಸಂಕೇತಗಳಾಚೆ ಹೋಗಿ ಬೀಳುತ್ತದೆ. ಯೂರೋಪಿನ ಪದ್ಧತಿಯ 8ಕೆ ವಿಧಾನದಲ್ಲಾದರೋ ಸಂಕೇತದ ಅವಧಿ 896 ಮೈಕ್ರೋಸೆಕೆಂಡು. ಅದರ ಮುಂದೆ ಹೆಚ್ಚೆಂದರೆ 224 ಮೈಕ್ರೋಸೆಕೆಂಡಿನ ಕಾವಲು ಅವಧಿಯೂ ಇದ್ದು, ಅದರೊಳಗೆ ಬಂದ ಪ್ರತಿಧ್ವನಿಯು ಮುಂದಿನ ಸಂಕೇತವನ್ನು ಕೆಡಿಸಲಾರದು.

ಪದ್ಧತಿಯ ಆಯ್ಕೆಗೆ ಅವಕಾಶ ಕೊಡಬೇಕೆಂಬ ಆ ಸಂಸ್ಥೆಯ ಮನವಿಯನ್ನು ಕಮಿಷನ್ನು 2000ದಲ್ಲಿ ತಳ್ಳಿಹಾಕಿತು. ದೋಷವು ಯಂತ್ರಗಳದೇ ಹೊರತು ಪದ್ಧತಿಯದಲ್ಲವೆಂಬ ವಾದಕ್ಕೂ ಹುರುಳಿಲ್ಲದಿರಲಿಲ್ಲ. ಮುಂದಿನ ತಲೆಮಾರಿನ ಯಂತ್ರಗಳು ಪ್ರತಿಧ್ವನಿಯನ್ನು ಎಷ್ಟೋ ಚೆನ್ನಾಗಿ ತಿದ್ದಿದವು. ಆದರೂ 2017ರಲ್ಲಿ ಅದೇ ಕಮಿಷನ್ನಿನ ಅನುಮತಿ ಪಡೆದ ಎ.ಟಿ.ಎಸ್.ಸಿ. 3.0 ಎಂಬ ಹೊಸ ಪದ್ಧತಿಯು ಬಹುವಾಹಕ ವಿಧಾನವನ್ನೇ ಅಂಗೀಕರಿಸಿದೆ.