ಮನೆಯೊಳಗಿನ ರೇಡಿಯೋ ನಿಲಯ

ನಡುಮನೆಯಲ್ಲಿ ಕುಳಿತಿರುವಾಗ ಮೊಬೈಲಿನಲ್ಲಿ ಪಾಠ ಸರಾಗವಾಗಿ ಸಾಗುತ್ತಿರುತ್ತದೆ. ಗೋಡೆಯಾಚೆಯ ಕೋಣೆಗೆ ಹೋದೊಡನೆ ಅಧ್ಯಾಪಕರ ಮಾತು ತುಂಡು ತುಂಡಾಗುತ್ತದೆ. ಅವರ ಚಿತ್ರ ಕಲ್ಲಿನ ವಿಗ್ರಹದಂತೆ ನಿಂತುಬಿಡುತ್ತದೆ. ಪ್ರವೇಶದ ಅರ್ಜಿ, ಪಾಠದ ಟಿಪ್ಪಣಿ, ಪರೀಕ್ಷೆಯ ಫಲಿತಾಂಶ ಇವೆಲ್ಲವೂ ಅಂತರಜಾಲದ ಮೂಲಕವೇ ಬರುವ ಈ ಕಾಲದಲ್ಲಿ ವಿದ್ಯಾರ್ಥಿಗೆ ಇದು ಸಣ್ಣ ತೊಂದರೆಯಲ್ಲ. ಆಗ ಮನೆಯವರು ಸಾಮಾನ್ಯವಾಗಿ ತೆಗೆದುಕೊಳ್ಳುವ ನಿರ್ಧಾರ ಒಂದೇ: ಹೆಚ್ಚು ಬೆಲೆಯ ರೂಟರನ್ನು ಕೊಳ್ಳುವುದು. ಹಾಗೆ ಹಣ ತೆರುವ ಮೊದಲು ಆ ಪೆಟ್ಟಿಗೆ ಮಾಡುವ ಕೆಲಸವೇನು, ಅದು ಯಾವ ನಿಯಮಗಳಿಗೆ ಕಟ್ಟುಬಿದ್ದಿದೆ ಎಂಬುದನ್ನು ವಿಚಾರಿಸಿ ನೋಡೋಣ. ಹಾಗೆ ನೋಡಿದರೆ ಸಾವಿರ, ಎರಡು ಸಾವಿರ ರೂಪಾಯಿಗಳ ಪೆಟ್ಟಿಗೆಯೇ ಬಹು ಮನೆಗಳಿಗೆ ಸಾಕೆಂದೂ, ಕೆಲವು ಮನೆಗಳಲ್ಲಿ ಏನನ್ನೂ ಕೊಳ್ಳಬೇಕಾಗಿಯೇ ಇಲ್ಲವೆಂದೂ ತಿಳಿದುಬರುತ್ತದೆ.

ಒಂದು ಪೆಟ್ಟಿಗೆ, ಎರಡು ಉದ್ಯೋಗ

ರೂಟರಿನ ಮೊದಲನೆಯ ಉದ್ಯೋಗ ಅಂಚೆಯ ಬಟವಾಡೆ. ಅಂತರಜಾಲದಲ್ಲಿ ಸಾಗುವ ಮಾತು, ಚಿತ್ರ, ಬರಹ ಎಲ್ಲವೂ ಸಣ್ಣ ಸಣ್ಣ ಕಟ್ಟುಗಳಾಗಿ, ಪ್ರತಿಯೊಂದು ಕಟ್ಟಿನ ಮೇಲೂ ವಿಳಾಸವನ್ನು ಹೊತ್ತು ಬರುತ್ತವೆ. ಇಡೀ ಮನೆಗೆ ಹೊರಗಿನ ವಿಳಾಸ ಸಾಮಾನ್ಯವಾಗಿ ಒಂದೇ. ಹಳೆಯ ವಠಾರವೊಂದನ್ನು ನೆನೆಯೋಣ. ಅಂಚೆಯವನು ಎಲ್ಲ ಕಾಗದಗಳನ್ನೂ ಒಂದೇ ಬಾಗಿಲಲ್ಲಿ ಕೊಟ್ಟು ಹೋಗುತ್ತಾನೆ; ಯಾವುದು ಯಾರ ಬಿಡಾರಕ್ಕೆ ಎಂಬುದನ್ನು ವಠಾರದ ಯಜಮಾನರು ನೋಡಿ ಹಂಚುತ್ತಾರೆ. ರೂಟರು ಅಂತಹ ಯಜಮಾನ. ಮನೆಯೊಳಗಿನ ಒಂದೊಂದು ಮೊಬೈಲಿಗೂ ಗಣಕಕ್ಕೂ 192.168 ಎಂದು ಆರಂಭವಾಗುವಂತಹ ಒಳವಿಳಾಸವನ್ನು ಕೊಟ್ಟು, ಯಾರು ಕೇಳಿದ್ದು ಯಾರಿಗೆ ಸೇರಬೇಕೆಂಬ ಲೆಕ್ಕವನ್ನು ಅದು ಇಟ್ಟಿರುತ್ತದೆ.

ಎರಡನೆಯ ಉದ್ಯೋಗ ರೇಡಿಯೋ ನಿಲಯದ್ದು. ತಂತಿಯಲ್ಲಿ ಬಂದುದನ್ನು ಅಲೆಗಳನ್ನಾಗಿಸಿ ಬಿತ್ತರಿಸುವುದು, ಮೊಬೈಲು ಕಳುಹಿದ ಅಲೆಗಳನ್ನು ಹಿಡಿದು ತಂತಿಗೆ ಒಪ್ಪಿಸುವುದು ಈ ನಿಲಯದ ಕೆಲಸ. ಮನೆಯ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಅಲೆಗಳ ಸ್ವಭಾವ

ವಿದ್ಯುತ್ಕಾಂತ ಅಲೆಗಳು ಇರಬೇಕೆಂದು ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಗಣಿತದ ಬಲದಿಂದ ಸಾಧಿಸಿದನು. ಸುಮಾರು ಎರಡು ದಶಕಗಳ ಬಳಿಕ ಹರ್ಟ್ಸ್ ಅವನ್ನು ಪ್ರಯೋಗಶಾಲೆಯಲ್ಲಿ ಉತ್ಪಾದಿಸಿ ತೋರಿಸಿದನು. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅತಿ ಕಿರಿದಾದ ಅಲೆಗಳನ್ನು ಪ್ರಯೋಗಿಸಿ, ತಂತಿಯ ಸಂಪರ್ಕವಿಲ್ಲದೆಯೇ ದೂರದ ಗಂಟೆಯೊಂದನ್ನು ಬಾರಿಸಿದರು. ನಮ್ಮ ರೂಟರಿನ ಅಲೆಗಳು ಅದೇ ಕುಲಕ್ಕೆ ಸೇರಿದವು.

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಒಂದು ಅಲೆಯ ಉದ್ದ ಸುಮಾರು 490 ಮೀಟರು. ರೂಟರು ಬಳಸುವುದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳನ್ನು. ಮೊದಲನೆಯದರ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು, ಎಂದರೆ ಒಂದು ಗೇಣಿಗೂ ಕಡಿಮೆ. ಎರಡನೆಯದರದು ಅದರ ಅರ್ಧಕ್ಕಿಂತಲೂ ಕಡಿಮೆ. 2.4ರ ಅಲೆ ಇಟ್ಟಿಗೆಯ ಗೋಡೆಯನ್ನು ಕಷ್ಟಪಟ್ಟಾದರೂ ದಾಟುತ್ತದೆ. 5ರ ಅಲೆ ಅದೇ ಗೋಡೆಯಲ್ಲಿ ಹೆಚ್ಚು ಸೊರಗುತ್ತದೆ. ಆದರೆ 5ರ ಪಟ್ಟಿ ವಿಶಾಲವಾದುದು. ಅಲ್ಲಿ ವೇಗವೂ ಹೆಚ್ಚು. 2.4ರ ಪಟ್ಟಿಯಾದರೋ ಸಂತೆಯ ದಿನದ ಪೇಟೆಯಂತೆ ಗಿಜಿಗುಟ್ಟುತ್ತದೆ. ನೆರೆಹೊರೆಯ ರೂಟರುಗಳು, ಬ್ಲೂಟೂತ್ ಸಾಧನಗಳು ಮಾತ್ರವಲ್ಲದೆ, 2.45 ಗಿಗಾಹರ್ಟ್ಸಿನಲ್ಲಿ ಕೆಲಸಮಾಡುವ ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಗಳೂ ಅಲ್ಲಿವೆ.

ಇನ್ನೊಂದು ನಿಯಮವನ್ನು ವಿದ್ಯಾರ್ಥಿಗಳು ಬೆಳಕಿನ ಪಾಠದಲ್ಲಿ ಓದಿಯೇ ಇರುತ್ತಾರೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲಿಗೆ. ಅಡ್ಡ ಬಂದ ಗೋಡೆಗಳ ಸುಂಕ ಇದಕ್ಕೆ ಸೇರುತ್ತದೆ. ಹಾಗಾದರೆ ದುಬಾರಿ ರೂಟರು ಅಲೆಯನ್ನೇ ಹತ್ತರಷ್ಟು ಬಲವಾಗಿ ಎಸೆಯಬಾರದೇಕೆ? ಅದಕ್ಕೆ ಕಾನೂನಿನ ಮಿತಿಯುಂಟು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು 2005ರ ನಿಯಮಗಳು ಅವಕಾಶ ಕೊಟ್ಟದ್ದು ಶಕ್ತಿಯ ಮಿತಿಯನ್ನು ವಿಧಿಸಿಯೇ. ಅಲ್ಲದೆ ಸಂಭಾಷಣೆಗೆ ಇಬ್ಬರು ಬೇಕು. ರೂಟರು ಎಷ್ಟೇ ಗಟ್ಟಿಯಾಗಿ ಕೂಗಿದರೂ, ಮೊಬೈಲಿನ ಕ್ಷೀಣವಾದ ಉತ್ತರ ಅದಕ್ಕೆ ಕೇಳಿಸದಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಹಣದಿಂದ ಪಡೆಯಲಾಗದ ಲಾಭವನ್ನು ಸ್ಥಳದಿಂದ ಪಡೆಯಬೇಕಾಗುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ

ಗಾಜಿನ ಎಳೆಯ ಸಂಪರ್ಕ ಕೊಡುವ ಕಂಪನಿಗಳು ಇಡುವ ಪೆಟ್ಟಿಗೆಯಲ್ಲಿಯೇ ಅನೇಕ ವೇಳೆ ರೂಟರೂ ಅಡಗಿರುತ್ತದೆ. ಅದರಿಂದ ಎರಡು ಮೀಟರು ದೂರದಲ್ಲಿ ನಿಂತು 5 ಗಿಗಾಹರ್ಟ್ಸಿನಲ್ಲಿ ವೇಗವನ್ನು ಅಳೆಯೋಣ. ಸಾಧ್ಯವಾದರೆ ಕೇಬಲ್ ಜೋಡಿಸಿ ಅಳೆಯುವುದು ಇನ್ನೂ ಒಳ್ಳೆಯದು. ಕೇಬಲಿನಲ್ಲಿಯೂ ವೇಗ ಕಡಿಮೆಯಿದ್ದರೆ ದೋಷ ಬಹುಮಟ್ಟಿಗೆ ಹೊರಗಿನ ಸಂಪರ್ಕದ್ದು. ಹೊಸ ರೂಟರು ಅದನ್ನು ಸರಿಪಡಿಸಲಾರದು. ಹತ್ತಿರದಲ್ಲಿ ಚೆನ್ನಾಗಿದ್ದು ದೂರದಲ್ಲಿ ಕೆಟ್ಟರೆ ದೋಷ ಅಲೆಯ ದಾರಿಯದು. ಪೆಟ್ಟಿಗೆ 2.4 ಪಟ್ಟಿಯೊಂದನ್ನೇ ಬಲ್ಲ ಹಳೆಯದಾಗಿದ್ದರೆ ಮಾತ್ರ ಹೊಸದರ ಯೋಚನೆ ನ್ಯಾಯವಾದುದು.

ಅಳೆಯುವಾಗ ಒಂದು ಎಚ್ಚರಿಕೆ ಅಗತ್ಯ. ಕಂಪನಿ ಹೇಳುವ 100 ಎಂಬುದು ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದ್ದರಿಂದ ಕಡತವನ್ನು ಇಳಿಸಿಕೊಳ್ಳುವಾಗ ಕಾಣುವ ವೇಗ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಇದನ್ನು ಮೋಸವೆಂದು ತಿಳಿಯಬಾರದು.

ಡಬ್ಬಿಯ ಮೇಲಿನ ಅಂಕಿಗಳು

ಅಂಗಡಿಯಲ್ಲಿ ಕಣ್ಣಿಗೆ ಬೀಳುವ 'ಎಸಿ 1200' ಎಂಬ ಅಂಕಿಯನ್ನು ಬಿಡಿಸಿ ನೋಡೋಣ. 2.4ರ ಪಟ್ಟಿಯಲ್ಲಿ 300, 5ರ ಪಟ್ಟಿಯಲ್ಲಿ 867, ಒಟ್ಟು 1167. ಅದನ್ನು ಗುಂಡಾಗಿಸಿ 1200 ಎಂದಿದ್ದಾರೆ. ಸಾಮಾನ್ಯ ಮೊಬೈಲು ಒಂದು ಹೊತ್ತಿಗೆ ಒಂದು ಪಟ್ಟಿಯಲ್ಲಿ ಮಾತ್ರ ವ್ಯವಹರಿಸುವುದರಿಂದ ಈ ಕೂಡಿಕೆಗೆ ಬಳಕೆಯಲ್ಲಿ ಅರ್ಥವಿಲ್ಲ. ಅಷ್ಟೇ ಅಲ್ಲ, ಇಂತಹ ಅಗ್ಗದ ಪೆಟ್ಟಿಗೆಗಳಲ್ಲಿ ಹಲವಕ್ಕೆ ಹಿಂಬದಿಯ ಕೇಬಲ್ ರಂಧ್ರಗಳು ಸೆಕೆಂಡಿಗೆ 100 ಮೆಗಾಬಿಟ್ಟಿನವು. ಹೆಬ್ಬಾಗಿಲೇ ಇಷ್ಟು ಕಿರಿದಾಗಿರುವಾಗ ಒಳಗಿನ ಅಂಗಳ ಎಷ್ಟು ವಿಶಾಲವಾಗಿದ್ದರೇನು? ತಿಂಗಳ ಯೋಜನೆ 100 ಅಥವಾ ಅದಕ್ಕೂ ಕಡಿಮೆಯಿದ್ದರೆ ಇದರಿಂದ ಹೇಳಿಕೊಳ್ಳುವಂತಹ ನಷ್ಟವಿಲ್ಲ. 200, 300 ಎಂದಿದ್ದರೆ 'ಗಿಗಾಬಿಟ್' ರಂಧ್ರಗಳುಳ್ಳ ಪೆಟ್ಟಿಗೆಯನ್ನೇ ಆರಿಸಬೇಕು.

ಆರಿಸುವಾಗ ನೋಡಬೇಕಾದ ಉಳಿದ ಅಂಶಗಳು ಕೆಲವೇ. ಎರಡು ಪಟ್ಟಿಗಳೂ ಇರಬೇಕು. 'ಡಬ್ಲ್ಯುಪಿಎ 2' ಎಂಬ ರಕ್ಷಣಾಕ್ರಮ ಇರಲೇಬೇಕು. 2018ರಲ್ಲಿ ಬಂದ 'ಡಬ್ಲ್ಯುಪಿಎ 3' ಇದ್ದರೆ ಇನ್ನೂ ಉತ್ತಮ. ತಯಾರಕರು ಒಳಗಿನ ತಂತ್ರಾಂಶವನ್ನು ಆಗಾಗ್ಗೆ ಪರಿಷ್ಕರಿಸಿ ಕೊಡುವವರಾಗಿರಬೇಕು. ಬೆಲೆಯಲ್ಲಿ ಅಂತರ ಹೆಚ್ಚಿಲ್ಲದಿದ್ದರೆ 'ವೈ-ಫೈ 6' ಎಂಬ ಮಾದರಿ ಲೇಸು; ಹಲವು ಸಾಧನಗಳು ಒಮ್ಮೆಗೇ ಕೇಳುವಾಗ ಸರದಿಯನ್ನು ಚೆನ್ನಾಗಿ ಹಂಚುವ ಏರ್ಪಾಡು ಅದರಲ್ಲಿದೆ. ಆಂಟೆನಾಗಳ ಸಂಖ್ಯೆಯನ್ನು ಎಣಿಸಿ ಮರುಳಾಗಬೇಕಾಗಿಲ್ಲ.

ಎಲ್ಲಿಡಬೇಕು?

ಸಂಪರ್ಕ ಕೊಡಲು ಬಂದವರು ತಂತಿ ಒಳಬರುವ ಕಡೆಯೇ, ಸಾಮಾನ್ಯವಾಗಿ ಮುಂದಿನ ಕಿಟಕಿಯ ಪಕ್ಕದಲ್ಲಿ, ಪೆಟ್ಟಿಗೆಯನ್ನಿಟ್ಟು ಹೋಗುತ್ತಾರೆ. ಹಾಗಾದರೆ ಅಲೆಗಳ ಅರ್ಧಪಾಲು ಬೀದಿಯ ಪಾಲಾಗುತ್ತದೆ. ಓದುವ ಕೋಣೆ ಒಂಬತ್ತು ಮೀಟರು ಹಿಂದಿದ್ದು, ನಡುವೆ ಎರಡು ಗೋಡೆಗಳಿವೆಯೆಂದು ಇಟ್ಟುಕೊಳ್ಳೋಣ. ಉದ್ದನೆಯ ಕೇಬಲೊಂದನ್ನು ಎಳೆದು ರೂಟರನ್ನು ಮನೆಯ ನಡುಭಾಗಕ್ಕೆ ತಂದರೆ ದೂರ ಅರ್ಧವಾಗಿ, ತೀವ್ರತೆ ದೂರದ ಲೆಕ್ಕದಿಂದಲೇ ನಾಲ್ಕರಷ್ಟಾಗುತ್ತದೆ. ಒಂದು ಗೋಡೆಯ ಸುಂಕವೂ ಉಳಿಯುತ್ತದೆ. ಕೇಬಲಿನ ಬೆಲೆ ಹೊಸ ರೂಟರಿನ ಬೆಲೆಗಿಂತ ಬಹಳ ಕಡಿಮೆ.

ನೆಲದ ಮೇಲಿಡುವುದಕ್ಕಿಂತ ಆಳೆತ್ತರದಲ್ಲಿಡುವುದು ಮೇಲು. ಲೋಹ ಅಲೆಗಳನ್ನು ಹಿಂದಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ಉಕ್ಕಿನ ಬೀರು, ಫ್ರಿಜ್, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಇವುಗಳ ಹಿಂದೆ ಅದನ್ನು ಅಡಗಿಸಬಾರದು. ಟೆಲಿವಿಷನ್ನಿನ ಬೆನ್ನಿಗೂ ಬೇಡ.

ಆಂಟೆನಾದಿಂದ ಅಲೆಗಳು ಎಲ್ಲ ದಿಕ್ಕಿಗೂ ಸಮನಾಗಿ ಹೊರಡುವುದಿಲ್ಲ. ಉದ್ದಿನ ವಡೆಯ ತೂತಿನಲ್ಲಿ ಕಡ್ಡಿಯೊಂದನ್ನು ನಿಲ್ಲಿಸಿದೆವೆನ್ನೋಣ. ಕಡ್ಡಿಯೇ ಆಂಟೆನಾ, ಅಲೆಗಳು ವಡೆಯ ಆಕಾರದಲ್ಲಿ ಸುತ್ತಲೂ ಹರಡುತ್ತವೆ, ಕಡ್ಡಿಯ ತುದಿಯ ಕಡೆಗೆ ಅತ್ಯಲ್ಪ. ಒಂದೇ ಅಂತಸ್ತಿನ ಮನೆಯಲ್ಲಿ ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸುವುದು ಇದಕ್ಕಾಗಿ. ಮೇಲಂತಸ್ತಿಗೂ ಅಲೆ ಏರಬೇಕಾದರೆ ಒಂದನ್ನು ಮಲಗಿಸಿ ನೋಡಬಹುದು. ಆದರೆ ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟ್ ಚಾವಣಿ ಬಲವಾದ ತಡೆ. ಅಂತಹ ಕಡೆ ಮೇಲಕ್ಕೊಂದು ಕೇಬಲ್ ಎಳೆದು, ಹಳೆಯ ರೂಟರನ್ನೇ 'ಆ್ಯಕ್ಸೆಸ್ ಪಾಯಿಂಟ್' ಆಗಿ ಜೋಡಿಸುವುದು ಅಗ್ಗದ ಉಪಾಯ.

ಸ್ಥಳವನ್ನು ಊಹೆಯಿಂದ ನಿಶ್ಚಯಿಸಬೇಕಾಗಿಲ್ಲ. ಆಂಡ್ರಾಯ್ಡ್ ಮೊಬೈಲಿಗೆ ದೊರೆಯುವ ಉಚಿತ ಆ್ಯಪ್‌ಗಳು ಅಲೆಯ ಬಲವನ್ನು 'ಡಿಬಿಎಂ' ಎಂಬ ಮಾನದಲ್ಲಿ ತೋರಿಸುತ್ತವೆ. ಮೈನಸ್ 50 ಎಂದರೆ ಚೆನ್ನ. ಮೈನಸ್ 67ರವರೆಗೆ ದೃಶ್ಯಪಾಠಕ್ಕೆ ಅಡ್ಡಿಯಿಲ್ಲ. ಮೈನಸ್ 80ರ ಆಚೆ ಭರವಸೆಯಿಲ್ಲ. ಈ ಮಾನದಲ್ಲಿ ಹತ್ತು ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಯಿತೆಂದು ಅರ್ಥ. ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಒಂದೊಂದು ಕೋಣೆಯಲ್ಲಿಯೂ ಅಳೆದು ಗುರುತಿಸಿ, ರೂಟರನ್ನು ಎರಡು ಮೂರು ಸ್ಥಳಗಳಿಗೆ ಬದಲಾಯಿಸಿ ಮತ್ತೆ ಅಳೆದರೆ ಉತ್ತರ ತಾನಾಗಿ ಹೊರಬೀಳುತ್ತದೆ. ಅದೇ ಆ್ಯಪ್ ನೆರೆಯವರು ಯಾವ ಚಾನೆಲುಗಳಲ್ಲಿದ್ದಾರೆಂಬುದನ್ನೂ ತಿಳಿಸುತ್ತದೆ. 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6 ಮತ್ತು 11. ಅವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಬೇಕು.

ಬಾಗಿಲಿಗೆ ಬೀಗ

ಅಲೆಗೆ ಮನೆಯ ಎಲ್ಲೆ ತಿಳಿಯದು. ನಮ್ಮ ಗೋಡೆಯನ್ನು ದಾಟಿ ಬೀದಿಗೂ ಹೋಗುತ್ತದೆ. ಆದುದರಿಂದ ಬೀಗ ಅವಶ್ಯಕ. ರೂಟರಿಗೆ ಎರಡು ಗುಪ್ತಪದಗಳುಂಟು: ಒಂದು ವೈ-ಫೈ ಸೇರಲು, ಇನ್ನೊಂದು ರೂಟರಿನ ಏರ್ಪಾಡುಗಳನ್ನೇ ತಿದ್ದಲು. ಮೊದಲನೆಯದನ್ನು ಬದಲಾಯಿಸಿ ಎರಡನೆಯದನ್ನು 'ಅಡ್ಮಿನ್' ಎಂದೇ ಬಿಡುವವರು ಬಹಳ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ, ತಯಾರಕರು ಇಟ್ಟ ಗುಪ್ತಪದಗಳನ್ನು ಬದಲಾಯಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ದೊರೆಯದಂತಾದುದು ಇಂತಹ ಸಾಧನಗಳ ಸೈನ್ಯದಿಂದಲೇ. ಅವುಗಳ ಒಡೆಯರಿಗೆ ತಮ್ಮ ಪೆಟ್ಟಿಗೆ ಯಾರ ಚಾಕರಿ ಮಾಡುತ್ತಿದೆಯೆಂಬ ಅರಿವೇ ಇರಲಿಲ್ಲ.

ರೂಟರಿನ ತಳದಲ್ಲಿ ಅಚ್ಚಾದ ವಿಳಾಸವನ್ನು ಬ್ರೌಸರಿನಲ್ಲಿ ಬರೆದರೆ ಏರ್ಪಾಡುಗಳ ಪುಟ ತೆರೆಯುತ್ತದೆ. ಎರಡು ಗುಪ್ತಪದಗಳನ್ನೂ ಉದ್ದವಾಗಿ, ಬೇರೆ ಬೇರೆಯಾಗಿ ಇಡಬೇಕು. ರಕ್ಷಣಾಕ್ರಮ ಡಬ್ಲ್ಯುಪಿಎ 2 ಅಥವಾ 3 ಇರಲಿ. ಗುಂಡಿಯನ್ನೊತ್ತಿಯೋ ಸಣ್ಣ ಅಂಕಿಯಿಂದಲೋ ಜೋಡಿಸುವ 'ಡಬ್ಲ್ಯುಪಿಎಸ್' ಸೌಕರ್ಯವನ್ನು ಆರಿಸಿಬಿಡಬೇಕು. ತಂತ್ರಾಂಶವನ್ನು ಪರಿಷ್ಕರಿಸಬೇಕು. ಬಂದುಹೋಗುವ ನೆಂಟರಿಗೆ 'ಅತಿಥಿ ಜಾಲ'ವನ್ನು ಪ್ರತ್ಯೇಕವಾಗಿ ತೆರೆಯಬಹುದು. ಇವೆಲ್ಲಕ್ಕೆ ಅರ್ಧ ಗಂಟೆ ಸಾಕು. ಖರ್ಚು ಏನೂ ಇಲ್ಲ.

ವಿದ್ಯುತ್ತು ಹೋದಾಗ ಪಾಠ ನಿಲ್ಲಬಾರದೆಂದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟಿಗೆ ಸರಿಹೊಂದುವ ಸಣ್ಣ ಯುಪಿಎಸ್ ಸಿಕ್ಕುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಾದರೋ ಅಡಾಪ್ಟರನ್ನು ಪ್ಲಗ್ಗಿನಿಂದ ಕೀಳುವುದೇ ಕ್ಷೇಮ. ಸಿಡಿಲು ಗಾಜಿನ ಎಳೆಯಲ್ಲಿ ಬರದಿದ್ದರೂ ವಿದ್ಯುತ್ತಿನ ತಂತಿಯಲ್ಲಿ ಬರಬಲ್ಲದು.

ಮನೆಯಲ್ಲಿ ಈ ಪೆಟ್ಟಿಗೆಗೆ ಹಣ ಕೊಡುವವರು ಹಿರಿಯರು; ಅದರ ಹಿಂದಿನ ಭೌತಶಾಸ್ತ್ರವನ್ನು ಓದುತ್ತಿರುವವರು ಕಿರಿಯರು. ಆದುದರಿಂದ ಅಳತೆಯ ಕಾಗದವನ್ನು ಹಿಡಿದು 'ಹೊಸದು ಬೇಕು' ಎಂದೋ, 'ಇದ್ದುದನ್ನೇ ಆ ಗೂಡಿನಲ್ಲಿಟ್ಟರೆ ಸಾಕು' ಎಂದೋ ಹೇಳುವ ಹೊಣೆ ವಿದ್ಯಾರ್ಥಿಗಳದು. ತರಗತಿಯಲ್ಲಿ ಕಲಿತ ವಿಲೋಮ ವರ್ಗದ ನಿಯಮ ಮನೆಯ ಎರಡು ಸಾವಿರ ರೂಪಾಯಿಗಳನ್ನು ಉಳಿಸಿದರೆ, ಆ ಪಾಠ ಮತ್ತೆ ಮರೆಯುವಂತಹುದಲ್ಲ.