ಕಳುವಾಗುವುದು ಬರಿಯ ಸೈಕಲ್ಲೇ?

ಬಸವಣ್ಣನವರು ಬೋಧಿಸಿದ ಸಪ್ತಶೀಲಗಳಲ್ಲಿ ಮೊದಲ ಸ್ಥಾನ ದೊರೆತಿರುವುದು ಕಳವಿನ ನಿಷೇಧಕ್ಕೆ. ಕೊಲೆಗಿಂತಲೂ ಮೊದಲು ಕಳವನ್ನು ಹೆಸರಿಸಿದುದು ಏತಕ್ಕೆಂದು ಜಿಜ್ಞಾಸುಗಳು ಕೇಳುವುದುಂಟು. ಒಬ್ಬನ ವಸ್ತುವನ್ನು ಅಪಹರಿಸಿದವನು ಅವನ ಕಾಯಕವನ್ನೇ ಅಪಹರಿಸಿದಂತೆ ಎಂಬುದು ನಮಗೆ ತೋರುವ ಉತ್ತರ. ಸಾಮಾನ್ಯವಾದ ಒಂದು ಸೈಕಲ್ಲಿನ ವಿಷಯದಲ್ಲಿಯೂ ಈ ಮಾತು ಸತ್ಯ.

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿಬಂದ ನಮ್ಮ ಓದುಗರು ಪುತ್ತೂರು, ಸುಳ್ಯ, ಕಡಬ ಸೀಮೆಯನ್ನು ಬಲ್ಲರು. ಬಯಲುಸೀಮೆಯ ಊರುಗಳಂತೆ ಅಲ್ಲಿ ಮನೆಗಳು ಒತ್ತಾಗಿಲ್ಲ. ಅಡಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಅಲ್ಲಿಂದ ಹೆದ್ದಾರಿಗೆ ಏರಿಳಿತದ ಮಣ್ಣುದಾರಿ. ಸೈಕಲ್ ಇದ್ದವರು ಅದನ್ನು ಬಸ್ ನಿಲ್ಲುವಲ್ಲಿನ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿ ಪೇಟೆಗೆ ಹೋಗುತ್ತಾರೆ. ಸಂಜೆಯವರೆಗೆ ಅದಕ್ಕೆ ಕಾವಲಿಲ್ಲ. ಪುತ್ತೂರಿನ ಸೋಮವಾರದ ಸಂತೆ, ಮಹಾಲಿಂಗೇಶ್ವರನ ಏಪ್ರಿಲ್ ಜಾತ್ರೆಗಳ ಜನಸಂದಣಿಯಲ್ಲಂತೂ ಯಾರು ಯಾರ ಸೈಕಲ್ ಒಯ್ದರೆಂದು ಕೇಳುವವರಿಲ್ಲ.

ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಸೈಕಲ್ ಕಳೆದುಕೊಂಡ ಮಗುವಿಗೆ ಇನ್ನೊಂದು ಬರಬೇಕಾದುದು ತಂದೆತಾಯಿಯರ ದುಡಿಮೆಯಿಂದಲೇ. ಅದು ಸಾಧ್ಯವಾಗದಿದ್ದರೆ ಶಾಲೆಯ ದಾರಿಯೇ ದೂರವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಬೀಗ. ಹಿಂದಿನ ಚಕ್ರಕ್ಕೆ ಜೋಡಿಸಿದ ಬೀಗ ಚಕ್ರವನ್ನು ತಡೆಯುತ್ತದೆಯೇ ಹೊರತು ಸೈಕಲ್ಲನ್ನು ಹೊತ್ತೊಯ್ಯುವವನನ್ನು ತಡೆಯದು. ಗಟ್ಟಿಯಾದ ಸರಪಳಿಯನ್ನು ಚೌಕಟ್ಟಿನ ಮೂಲಕ ಹಾಯಿಸಿ ಕಂಬಕ್ಕೆ ಬಿಗಿಯಬೇಕು. ಹಾಗೆ ಬಿಗಿಯಲು ಕಂಬವಾದರೂ ಎಲ್ಲಿದೆ? ಬಸ್ ತಂಗುದಾಣದ ಬಳಿ ನೆಲದಲ್ಲಿ ಹೂತ ನಾಲ್ಕು ಕಬ್ಬಿಣದ ಕಂಬಿಗಳು, ಅಂಗಡಿಯವರ ಕಣ್ಣಿಗೆ ಬೀಳುವ ಸ್ಥಳ, ಒಂದು ದೀಪ: ಇಷ್ಟು ಪಂಚಾಯತಿಗೆ ಭಾರವಾಗದು.

ಎರಡನೆಯದು ಗುರುತು. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಸೈಕಲ್ಲಿಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಪಡೆಯಬೇಕಾಗಿತ್ತು. ಅದನ್ನು ಹೊರೆಯೆಂದು ಬೈದವರೇ ಹೆಚ್ಚು. ಆದರೆ ಆ ಸಂಖ್ಯೆಯಿಂದ ಒಡೆಯನಾರೆಂದು ತಿಳಿಯುತ್ತಿತ್ತು. ಜಪಾನಿನಲ್ಲಿ 1994ರಿಂದ ಸೈಕಲ್ಲುಗಳ ನೋಂದಣಿ ಕಡ್ಡಾಯವಾಗಿದೆ. ಕೊಂಡ ಅಂಗಡಿಯಲ್ಲಿಯೇ ಸಂಖ್ಯೆಯ ಚೀಟಿ ಅಂಟಿಸುತ್ತಾರೆ. ನಮ್ಮಲ್ಲಿ ಶಾಲೆಯೊಂದು ದಪ್ಪ ಪುಸ್ತಕವಿಟ್ಟರೆ ಸಾಕು. ಪೆಡಲಿನ ಅಚ್ಚಿನ ಅಡಿಯಲ್ಲಿಯೋ ಸೀಟಿನ ಕೆಳಗೋ ಕೊರೆದಿರುವ ಸಂಖ್ಯೆಯನ್ನು ಮಗುವಿನ ಹೆಸರಿನೊಡನೆ ಅದರಲ್ಲಿ ಬರೆದಿಡಬೇಕು. ಮನೆಯವರು ಕೊಂಡ ರಸೀತಿಯನ್ನೂ ಒಂದು ಭಾವಚಿತ್ರವನ್ನೂ ಕಾಪಾಡಿಕೊಳ್ಳಬೇಕು. ಕಳುವಾದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಪುತ್ತೂರಿನಲ್ಲಿ ಕಳೆದುದಕ್ಕೆ ಕಡಬದ ಠಾಣೆಯವರು ‘ಇದು ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ.

ಮೂರನೆಯದು ಅತ್ಯಂತ ಮುಖ್ಯವಾದುದು, ನಮ್ಮ ಮನೆಗಳಿಗೇ ಸಂಬಂಧಿಸಿದುದು. ಕೊಳ್ಳುವವನಿಲ್ಲದೆ ಕದಿಯುವವನಿಲ್ಲ. ರಸೀತಿಯಿಲ್ಲದ ಸೈಕಲ್ಲನ್ನು ಅರ್ಧ ಬೆಲೆಗೆ ಕೊಂಡು ‘ಅಗ್ಗವಾಗಿ ಸಿಕ್ಕಿತು’ ಎಂದು ಹಿಗ್ಗುವ ಗೃಹಸ್ಥನೂ, ಕೇಳದೆ ತೂಕಕ್ಕೆ ಹಾಕುವ ಗುಜರಿಯವನೂ ಆ ಕಳವಿನಲ್ಲಿ ಪಾಲುದಾರರೇ. ಕದ್ದ ಮಾಲೆಂದು ತಿಳಿದೂ ಪಡೆಯುವುದು ಕಾನೂನಿನಲ್ಲಿಯೂ ಅಪರಾಧ. ಹಣೆಯಲ್ಲಿ ವಿಭೂತಿ ಧರಿಸಿ ಅಂಗಳದಲ್ಲಿ ಅಂತಹ ಸೈಕಲ್ ನಿಲ್ಲಿಸಿಕೊಂಡರೆ ಇಷ್ಟಲಿಂಗ ಪೂಜೆಗೆ ಅರ್ಥವೇನು?

ಕೊನೆಯದಾಗಿ, ಕದ್ದವನ ಮಾತು. ಸಿಕ್ಕಿಬಿದ್ದವನು ಅನೇಕ ವೇಳೆ ಮೀಸೆ ಮೂಡದ ಹುಡುಗ. ಅವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಇಲ್ಲಿ ಸ್ಮರಣೀಯ. ಕದ್ದ ವಸ್ತು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಬಾರಿ ಅಪರಾಧಿಯಾದವನು ವಸ್ತುವನ್ನಾಗಲಿ ಬೆಲೆಯನ್ನಾಗಲಿ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಶರಣರ ಕಾಯಕ ತತ್ತ್ವಕ್ಕೆ ಇದು ಎಷ್ಟು ಹತ್ತಿರ!

ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ ಬಸವಣ್ಣನವರು ಕರುಗಳನ್ನೂ ಕಳುಹಿಸಿಕೊಟ್ಟರೆಂಬ ಕಥೆ ಪ್ರಸಿದ್ಧ. ಕೊಟ್ಟಿಗೆಗೆ ಬಾಗಿಲು ಬೇಡವೆಂಬುದು ಅದರ ತಾತ್ಪರ್ಯವಲ್ಲ. ಕಳ್ಳನಲ್ಲಿಯೂ ಒಬ್ಬ ಮನುಷ್ಯನಿದ್ದಾನೆಂಬುದನ್ನು ಮರೆಯಬಾರದೆಂಬುದು. ಸೈಕಲ್ಲಿಗೆ ಬೀಗವಿರಲಿ; ಸಿಕ್ಕಿಬಿದ್ದ ಹುಡುಗನಿಗೆ ನಮ್ಮ ಮನೆಯ ಬಾಗಿಲು ತೆರೆದಿರಲಿ.